ನಿಮ್ಮ ರೆಪೊಗೆ ಯಾವ ಲೈಸೆನ್ಸ್? ಕೋಡ್‌ಗೊಂದು, ಕೈಪಿಡಿಗೊಂದು, ಪದಪಟ್ಟಿಗೊಂದು

ಕನ್ನಡದ ಕೀಬೋರ್ಡ್, ಕಾಗುಣಿತ ಪರೀಕ್ಷಕ, ಪದಕೋಶ, ಪಾಠಗಳ ಸಂಗ್ರಹ ಇಂಥವನ್ನು ಗಿಟ್‌ಹಬ್‌ನಲ್ಲೋ ಗಿಟ್‌ಲ್ಯಾಬ್‌ನಲ್ಲೋ ಹಾಕಿ ನಾಲ್ಕು ಜನ ಸೇರಿ ಬೆಳೆಸುತ್ತಿರುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಲೈಸೆನ್ಸ್ ಯಾವುದು ಹಾಕೋಣ? ಎಂಐಟಿ ಹಾಕಿದರೆ ಸಾಕಲ್ಲವೇ?” ರೆಪೊದಲ್ಲಿ, ಅಂದರೆ ಯೋಜನೆಯ ಫೈಲುಗಳನ್ನೆಲ್ಲ ಇಟ್ಟ ಭಂಡಾರದಲ್ಲಿ, ಕೋಡ್ ಮಾತ್ರ ಇದ್ದರೆ ಎಂಐಟಿ ಎಂಬ ಚಿಕ್ಕ, ಉದಾರ ಲೈಸೆನ್ಸ್ ಎಷ್ಟೋ ಸಲ ಸಾಕು. ಆದರೆ ಸಮುದಾಯದ ರೆಪೊದಲ್ಲಿ ಬರೀ ಕೋಡ್ ಇರುವುದು ಅಪರೂಪ. ಬಳಕೆಯ ಕೈಪಿಡಿ ಇರುತ್ತದೆ, ಪದಪಟ್ಟಿ ಇರುತ್ತದೆ, ಜೊತೆಗೆ ಒಂದು ಫಾಂಟ್, ಒಂದಷ್ಟು ಚಿತ್ರ. ಇವುಗಳಲ್ಲಿ ಒಂದಕ್ಕೆ ಹೊಂದುವ ಲೈಸೆನ್ಸ್ ಇನ್ನೊಂದಕ್ಕೆ ಹೊಂದುವುದಿಲ್ಲ. ಎರಡನೆಯ ಕೊಡುಗೆದಾರರು ಬರುವ ಮೊದಲೇ ಇದನ್ನೆಲ್ಲ ತೀರ್ಮಾನಿಸಿ ಬರೆದಿಡಿ ಎಂಬುದು ನನ್ನ ಒತ್ತಾಯ. ಆಮೇಲೆ ಬದಲಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕಾಗುತ್ತದೆ.

“ರೆಪೊ ಸಾರ್ವಜನಿಕವಾಗಿದೆ, ಲೈಸೆನ್ಸ್ ಇಲ್ಲದಿದ್ದರೂ ಯಾರು ಬೇಕಾದರೂ ಬಳಸಬಹುದು” ಎಂಬ ನಂಬಿಕೆಯನ್ನು ಮೊದಲು ಬಿಡಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. ಅದಕ್ಕೆ ನೋಂದಣಿ ಬೇಕಿಲ್ಲ. ಕಂಪ್ಯೂಟರ್ ಪ್ರೋಗ್ರಾಮನ್ನೂ ದತ್ತಾಂಶ ಸಂಗ್ರಹವನ್ನೂ ಆ ಕಾಯ್ದೆ ಸಾಹಿತ್ಯ ಕೃತಿಗಳ ಸಾಲಿಗೇ ಸೇರಿಸಿದೆ. ಲೈಸೆನ್ಸ್ ಎಂದರೆ ಆ ಹಕ್ಕಿನಲ್ಲಿ ಯಾವುದನ್ನು, ಯಾವ ಷರತ್ತಿನ ಮೇಲೆ ಇತರರಿಗೆ ಬಿಟ್ಟುಕೊಡುತ್ತೀರಿ ಎಂಬ ಲಿಖಿತ ಅನುಮತಿ. ಆ ಅನುಮತಿ ಇಲ್ಲದ ರೆಪೊವನ್ನು ಗಿಟ್‌ಹಬ್‌ನ ಷರತ್ತುಗಳ ಪ್ರಕಾರ ಬೇರೆಯವರು ನೋಡಬಹುದು, ಅದೇ ತಾಣದೊಳಗೆ ಫೋರ್ಕ್ (ತಮ್ಮ ಖಾತೆಗೆ ನಕಲು) ಮಾಡಿಕೊಳ್ಳಬಹುದು, ಅಷ್ಟೇ. ತಮ್ಮ ಶಾಲೆಯ ಕಂಪ್ಯೂಟರ್‌ಗಳಿಗೆ ಹೊಂದಿಸಿ ತಿದ್ದಿ ಹಂಚಬೇಕೆಂದಿರುವ ಮೇಷ್ಟ್ರಿಗೆ ನಿಮ್ಮ ಕೆಲಸ ಸಿಕ್ಕೂ ಸಿಗದಂತಾಗುತ್ತದೆ.

ಹಂತ 1: ಏನೇನಿದೆ, ಯಾರದ್ದು – ಪಟ್ಟಿ ಮಾಡಿ

ರೆಪೊದ ಒಂದೊಂದೇ ಫೋಲ್ಡರ್ ತೆರೆದು ಮೂರು ವಿಷಯ ಬರೆದುಕೊಳ್ಳಿ: ಇದು ಏನು, ಬರೆದವರು ಯಾರು, ಹೊರಗಿನಿಂದ ತಂದದ್ದಾದರೆ ಎಲ್ಲಿಂದ. ಬರೆದವರ ಪಟ್ಟಿಯನ್ನು, ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದ ಶಾರ್ಟ್‌ಲಾಗ್ ಆದೇಶವೇ ಕೊಡುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನೀವೇ ಕಮಿಟ್ ಮಾಡಿದ್ದರೆ (ರೆಪೊಗೆ ದಾಖಲಿಸಿದ್ದರೆ) ಕಳಿಸಿದವರ ಹೆಸರು ಅಲ್ಲಿ ಬರುವುದಿಲ್ಲ, ಅದನ್ನು ನೆನಪಿನಿಂದ ಸೇರಿಸಬೇಕು.

ಇಲ್ಲಿ ಎಡವುವ ಜಾಗಗಳು ಹಲವು. ಮೊದಲನೆಯದು ಉದ್ಯೋಗ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೆಲಸದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರು. ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ಇದಕ್ಕಿಂತ ಅಗಲವಾದ ಷರತ್ತುಗಳೂ ಇರುವುದುಂಟು. ಕನ್ನಡದ ಕೆಲಸಕ್ಕೆ ಬರುವ ಕೊಡುಗೆದಾರರಲ್ಲಿ ಬೆಂಗಳೂರಿನ ಐಟಿ ಉದ್ಯೋಗಿಗಳೇ ಬಹಳ. ಅವರಿಗೆ ತಮ್ಮ ಪತ್ರ ಒಮ್ಮೆ ಓದಿನೋಡಲು ಹೇಳಿ. ಬೇಕಿದ್ದರೆ ಮ್ಯಾನೇಜರ್‌ರಿಂದ ಒಂದು ಸಾಲಿನ ಒಪ್ಪಿಗೆ ಇಮೇಲ್ ತರಿಸಿಕೊಳ್ಳಲಿ.

ಎರಡನೆಯದು ನಕಲು ಮಾಡಿ ಅಂಟಿಸಿದ ತುಣುಕು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ ಎಂಬ ಲೈಸೆನ್ಸ್ ಅಡಿಯಲ್ಲಿವೆ. ಅಂದರೆ ಬರೆದವರ ಹೆಸರು ಹೇಳಬೇಕು, ಅದನ್ನು ಬಳಸಿ ಮಾಡಿದ್ದನ್ನು ಅದೇ ಲೈಸೆನ್ಸ್ ಅಡಿಯಲ್ಲಿ ಕೊಡಬೇಕು. ಅಲ್ಲಿಂದ ಉದ್ದದ ತುಣುಕನ್ನು ಎತ್ತಿ ಎಂಐಟಿ ರೆಪೊದೊಳಗೆ ಹಾಕುವಂತಿಲ್ಲ. ವಿಧಾನ ಅರ್ಥ ಮಾಡಿಕೊಂಡು ನಿಮ್ಮದೇ ಕೋಡ್ ಬರೆಯಿರಿ.

ಮೂರನೆಯದು ಕನ್ನಡದ ಕೆಲಸಕ್ಕೇ ಅಂಟಿಕೊಂಡದ್ದು: ಹಳೆಯ ನಿಘಂಟು, ಕವಿತೆ, ಕಥೆಗಳಿಂದ ಪದ ಮತ್ತು ವಾಕ್ಯ ತೆಗೆಯುವುದು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕಿಟೆಲ್ ಅವರ 1894ರ ನಿಘಂಟನ್ನು ನೀವು ನಿಶ್ಚಿಂತೆಯಿಂದ ಬಳಸಬಹುದು, ಅವರು ತೀರಿಕೊಂಡದ್ದು 1903ರಲ್ಲಿ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರು ಬರೆದದ್ದರ ಮೇಲಿನ ಹಕ್ಕು 2057ರ ಕೊನೆಯವರೆಗೂ ಇದೆ. ವಚನಗಳು ಹನ್ನೆರಡನೆಯ ಶತಮಾನದವು, ಅವು ಎಲ್ಲರ ಸೊತ್ತು. ಆದರೆ ಈಗಿನ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿ, ಅರ್ಥವಿವರಣೆ ಹಾಗಲ್ಲ. ಜಾಲತಾಣದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ ಎಂದಮಾತ್ರಕ್ಕೆ ಒಂದು ನಿಘಂಟನ್ನು ಪೂರ್ತಿ ಇಳಿಸಿಕೊಂಡು ರೆಪೊಗೆ ತುಂಬಬೇಡಿ.

ಹಂತ 2: ಬಳಗದೊಳಗೆ ಈ ಒಂದು ಪ್ರಶ್ನೆ ಕೇಳಿಕೊಳ್ಳಿ

“ನಾಳೆ ಒಂದು ಕಂಪನಿ ನಮ್ಮ ಕೆಲಸ ತೆಗೆದುಕೊಂಡು, ಸುಧಾರಿಸಿ, ಸುಧಾರಣೆಯನ್ನು ನಮಗೆ ತೋರಿಸದೆ ಮಾರಿದರೆ ನಮಗೆ ಒಪ್ಪಿಗೆಯೇ?” ಇದಕ್ಕೆ ಉತ್ತರ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು.

ಒಪ್ಪಿಗೆ ಎಂದರೆ ಉದಾರ ಲೈಸೆನ್ಸ್‌ಗಳ ಕಡೆ ಹೋಗಿ: ಎಂಐಟಿ, ಬಿಎಸ್‌ಡಿ, ಅಪಾಚೆ. ಹೆಸರು ಉಳಿಸಿದರೆ ಸಾಕು, ಉಳಿದಂತೆ ಏನು ಬೇಕಾದರೂ ಮಾಡಿಕೊಳ್ಳಲಿ ಎನ್ನುವ ಬಗೆ ಇದು. ಒಪ್ಪಿಗೆ ಇಲ್ಲ ಎಂದರೆ ಕಾಪಿಲೆಫ್ಟ್ ಕಡೆ: ಜಿಪಿಎಲ್ ಮತ್ತು ಅದರ ಬಂಧುಗಳು. ಬದಲಿಸಿ ಹಂಚುವವರು ಆ ಬದಲಾವಣೆಯನ್ನೂ ಇದೇ ಲೈಸೆನ್ಸ್‌ನಲ್ಲಿ, ಮೂಲ ಕೋಡ್ ಸಮೇತ ಕೊಡಲೇಬೇಕು ಎನ್ನುವ ಬಗೆ.

ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕನ್ನಡ ಅಕ್ಷರಗಳನ್ನು ವಿಂಗಡಿಸುವ, ಒತ್ತಕ್ಷರಗಳನ್ನು ಸರಿಯಾಗಿ ಎಣಿಸುವ ಪುಟ್ಟ ಲೈಬ್ರರಿಯಾದರೆ ಅದು ಸಾಧ್ಯವಾದಷ್ಟು ಕಡೆ, ಬ್ಯಾಂಕಿನ ಆ್ಯಪ್‌ನೊಳಗೂ, ಸೇರಿಕೊಳ್ಳುವುದೇ ಕನ್ನಡಕ್ಕೆ ಲಾಭ. ಅಲ್ಲಿ ಉದಾರ ಲೈಸೆನ್ಸ್ ಸರಿ. ವರ್ಷಗಟ್ಟಲೆ ಬೆಳೆಸಬೇಕೆಂದಿರುವ ಪೂರ್ಣ ಆ್ಯಪ್ ಆದರೆ ಕಾಪಿಲೆಫ್ಟ್‌ನ ರಕ್ಷಣೆ ಇರಲಿ ಎನ್ನುತ್ತೇನೆ. ಸ್ವಯಂಸೇವಕರ ಬೆವರನ್ನು ಮುಚ್ಚಿದ ಬಾಗಿಲಿನ ಹಿಂದೆ ಒಯ್ಯಲು ಅದು ಬಿಡುವುದಿಲ್ಲ.

ಹಂತ 3: ಕೋಡ್‌ಗೆ ಲೈಸೆನ್ಸ್

ಎಂಐಟಿ: ಒಂದೇ ಪುಟ, ಎಲ್ಲರಿಗೂ ಪರಿಚಿತ. ಸಣ್ಣ ಸ್ಕ್ರಿಪ್ಟ್, ಸಣ್ಣ ಲೈಬ್ರರಿಗೆ ಚೆನ್ನ.

ಅಪಾಚೆ 2.0: 2004ರಿಂದ ಬಳಕೆಯಲ್ಲಿದೆ. ಎಂಐಟಿಯಷ್ಟೇ ಉದಾರ, ಆದರೆ ಪೇಟೆಂಟ್ ಬಗ್ಗೆಯೂ ಸ್ಪಷ್ಟವಾಗಿ ಅನುಮತಿ ಕೊಡುತ್ತದೆ. ನಮ್ಮ ದೇಶದವರಿಗೆ ಇದನ್ನು ಸೂಚಿಸಲು ನನಗೆ ಇನ್ನೊಂದು ಕಾರಣವಿದೆ. ಹಕ್ಕು ಕೊಡುವ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದೂ ನಮ್ಮ ಕಾಯ್ದೆಯ 19ನೇ ಸೆಕ್ಷನ್ ಭಾವಿಸುತ್ತದೆ. 30ಎ ಸೆಕ್ಷನ್ ಇದನ್ನು ಅಗತ್ಯ ಮಾರ್ಪಾಡುಗಳೊಂದಿಗೆ ಲೈಸೆನ್ಸ್‌ಗಳಿಗೂ ವಿಸ್ತರಿಸುತ್ತದೆ. ಎಂಐಟಿಯ ಪಠ್ಯದಲ್ಲಿ ಅವಧಿಯೂ ಇಲ್ಲ, ಪ್ರದೇಶವೂ ಇಲ್ಲ. ಅಪಾಚೆ ಎರಡನ್ನೂ ಬಾಯಿಬಿಟ್ಟು ಹೇಳುತ್ತದೆ: ಜಗತ್ತಿನಾದ್ಯಂತ, ಶಾಶ್ವತವಾಗಿ. ಹಾಗಾಗಿ ಉದಾರ ಲೈಸೆನ್ಸ್ ಬೇಕೆಂದು ಕೇಳುವವರಿಗೆ ನಾನು ಹೇಳುವುದು ಅಪಾಚೆಯನ್ನೇ.

ಎಂಪಿಎಲ್ 2.0: ಮೊಜಿಲ್ಲಾದವರದ್ದು, 2012ರಲ್ಲಿ ಬಂದದ್ದು. ಕಾಪಿಲೆಫ್ಟ್ ಫೈಲ್‌ಗಳ ಮಟ್ಟದಲ್ಲಿ ಮಾತ್ರ. ನಿಮ್ಮ ಫೈಲ್ ಬದಲಿಸಿದರೆ ಆ ಫೈಲ್ ಕೊಡಬೇಕು, ಪಕ್ಕದಲ್ಲಿ ಹೊಸದಾಗಿ ಬರೆದದ್ದನ್ನು ಕೊಡಬೇಕಿಲ್ಲ. ಎರಡು ಅಭಿಪ್ರಾಯದ ಬಳಗಕ್ಕೆ ಇದು ಒಳ್ಳೆಯ ನಡುದಾರಿ.

ಜಿಪಿಎಲ್ 3: ಪೂರ್ತಿ ಕಾಪಿಲೆಫ್ಟ್, 2007ರದ್ದು. ಹಾಕುವಾಗ “ಮೂರನೇ ಆವೃತ್ತಿ ಮಾತ್ರ” ಎನ್ನುತ್ತೀರೋ “ಮೂರು ಅಥವಾ ಅದರ ನಂತರದ ಯಾವುದಾದರೂ” ಎನ್ನುತ್ತೀರೋ ಎಂಬುದನ್ನು ಬಿಡಿಸಿ ಬರೆಯಿರಿ. ಬಹಳಷ್ಟು ರೆಪೊಗಳಲ್ಲಿ ಈ ಒಂದು ಪದ ಇಲ್ಲದೆ ಗೊಂದಲವಾಗಿದೆ. ಕಾರಣವಿಲ್ಲದೆ “ಮಾತ್ರ” ಹಾಕಬೇಡಿ.

ಎಜಿಪಿಎಲ್ 3: ನಿಮ್ಮದು ಸರ್ವರ್‌ನಲ್ಲಿ ಓಡುವ ಜಾಲಸೇವೆಯಾದರೆ ಇದನ್ನು ನೋಡಿ. ಸರ್ವರ್‌ನಲ್ಲಿ ಬದಲಿಸಿ ಓಡಿಸಿ, ಪ್ರತಿಯನ್ನು ಯಾರಿಗೂ ಹಂಚದಿದ್ದರೆ ಜಿಪಿಎಲ್‌ನ ಷರತ್ತು ತಟ್ಟುವುದಿಲ್ಲ. ಎಜಿಪಿಎಲ್ ಆ ಕಿಂಡಿಯನ್ನು ಮುಚ್ಚುತ್ತದೆ. ಮಾಸ್ಟೋಡಾನ್ ಎಂಬ ಸಾಮಾಜಿಕ ಜಾಲತಾಣದ ತಂತ್ರಾಂಶ ಇರುವುದು ಇದರಡಿಯಲ್ಲೇ.

ಎಚ್ಚರಿಕೆ: ನೀವೇ ಒಂದು ಲೈಸೆನ್ಸ್ ಬರೆಯಲು ಹೋಗಬೇಡಿ. ಎಂಐಟಿಯ ಕೆಳಗೆ “ಆದರೆ ರಾಜಕೀಯ ಪಕ್ಷಗಳು ಬಳಸುವಂತಿಲ್ಲ” ಎಂದೋ “ಲಾಭಕ್ಕೆ ಬಳಸಬಾರದು” ಎಂದೋ ಒಂದು ಸಾಲು ಸೇರಿಸಿದರೆ ಅದು ಮುಕ್ತ ತಂತ್ರಾಂಶವಾಗಿ ಉಳಿಯುವುದಿಲ್ಲ. ಯಾರಿಗೂ, ಯಾವ ಕ್ಷೇತ್ರದ ಬಳಕೆಗೂ ಭೇದ ಮಾಡಬಾರದು ಎಂಬುದು ಓಪನ್ ಸೋರ್ಸ್ ಇನಿಶಿಯೇಟಿವ್‌ನ ವ್ಯಾಖ್ಯೆಯಲ್ಲೇ ಇದೆ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಅದನ್ನು ತಮ್ಮ ಮುಖ್ಯ ಭಂಡಾರಕ್ಕೆ ಸೇರಿಸುವುದಿಲ್ಲ. ಕೋಡ್‌ಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕುವುದೂ ಸಲ್ಲ, ಬೇಡವೆಂದು ಆ ಸಂಸ್ಥೆಯೇ ಹೇಳುತ್ತದೆ. ಮೂಲ ಕೋಡ್ ಕೊಡುವ ಬಗ್ಗೆ ಅದರಲ್ಲಿ ಮಾತಿಲ್ಲ, ಪೇಟೆಂಟ್ ಹಕ್ಕನ್ನು ಅದು ಹೊರಗಿಟ್ಟಿದೆ.

ಹಂತ 4: ಕೈಪಿಡಿ ಮತ್ತು ಇತರ ಬರಹಕ್ಕೆ ಲೈಸೆನ್ಸ್

ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿ. ಕೋಡ್‌ಗೆ ಹಾಕಿದ ಲೈಸೆನ್ಸೇ ಬರಹಕ್ಕೂ ಸಾಕು ಎಂದು ಬಿಟ್ಟರೆ ಕೈಪಿಡಿಯನ್ನು ಮುದ್ರಿಸುವವರು, ವೀಡಿಯೊ ಮಾಡುವವರು, ಅನುವಾದಿಸುವವರು ಏನು ಪಾಲಿಸಬೇಕೆಂದು ತಿಳಿಯದೆ ಪೇಚಾಡುತ್ತಾರೆ. ಬರಹಕ್ಕೆ ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿಯೇ ಸರಿಯಾದ ಆಯ್ಕೆ. ಅವಧಿ, ಪ್ರದೇಶ ಎರಡೂ ಅದರಲ್ಲಿ ಸ್ಪಷ್ಟವಾಗಿವೆ.

ಬಿವೈ ಎಂದರೆ ಹೆಸರು ಹೇಳಿ ಏನು ಬೇಕಾದರೂ ಮಾಡಬಹುದು. ಬಿವೈ-ಎಸ್‌ಎ ಎಂದರೆ ಹೆಸರೂ ಹೇಳಬೇಕು, ಬದಲಿಸಿ ಹಂಚಿದ್ದನ್ನು ಅದೇ ಷರತ್ತಿನಲ್ಲಿ ಕೊಡಲೂಬೇಕು. ಕುಬರ್ನೆಟೀಸ್ ಯೋಜನೆ ಕೋಡ್‌ಗೆ ಅಪಾಚೆ 2.0, ಬರಹಕ್ಕೆ ಬಿವೈ 4.0 ಹಾಕಿಕೊಂಡಿದೆ. ವಿಕಿಪೀಡಿಯ, ನಮ್ಮ ಕನ್ನಡ ವಿಕಿಪೀಡಿಯವೂ ಸೇರಿ, 2023ರಿಂದ ಬಿವೈ-ಎಸ್‌ಎ 4.0 ಬಳಸುತ್ತಿದೆ. ನಿಮ್ಮ ಬರಹ ವಿಕಿಪೀಡಿಯಕ್ಕೆ ಹೋಗಲಿ, ಅಲ್ಲಿಂದ ನಿಮ್ಮಲ್ಲಿಗೂ ಬರಲಿ ಎಂದಿದ್ದರೆ ಬಿವೈ-ಎಸ್‌ಎ 4.0 ಹಾಕಿ. ಬಿವೈ ಹಾಕಿದರೆ ನಿಮ್ಮದು ಅಲ್ಲಿಗೆ ಹೋಗಬಹುದು, ಅಲ್ಲಿಯದು ಬಿವೈ ಆಗಿ ನಿಮ್ಮಲ್ಲಿಗೆ ಬರಲಾರದು.

ಎನ್‌ಸಿ, ಅಂದರೆ ವಾಣಿಜ್ಯ ಬಳಕೆ ಬೇಡ ಎಂಬ ಷರತ್ತನ್ನು ಹಾಕಲು ಬಹಳ ಮಂದಿಗೆ ಮನಸ್ಸಾಗುತ್ತದೆ. ನಮ್ಮ ಶ್ರಮದಿಂದ ಬೇರೆಯವರು ದುಡ್ಡು ಮಾಡಬಾರದೆಂಬ ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಯಾರಿಗೆ ತಡೆಯಾಗುತ್ತದೆ ನೋಡಿ: ಶುಲ್ಕ ಪಡೆದು ಕಂಪ್ಯೂಟರ್ ಕಲಿಸುವ ತಾಲ್ಲೂಕು ಕೇಂದ್ರ, ಕೈಪಿಡಿಯನ್ನು ಅಚ್ಚುಹಾಕಿ ಮಾರುವ ಸಣ್ಣ ಪ್ರಕಾಶಕರು, ಜಾಹೀರಾತು ಇರುವ ಕನ್ನಡ ತಾಣ. ಇವರೆಲ್ಲ ಹಿಂಜರಿಯುತ್ತಾರೆ. ವಿಕಿಪೀಡಿಯವಾಗಲಿ ವಿಕಿಮೀಡಿಯ ಕಾಮನ್ಸ್ ಆಗಲಿ ಎನ್‌ಸಿ ಲೈಸೆನ್ಸ್‌ನ ಬರಹ, ಚಿತ್ರಗಳನ್ನು ಅದರಡಿಯಲ್ಲಿ ಸೇರಿಸಿಕೊಳ್ಳುವುದಿಲ್ಲ. ನಿಮಗಿರುವ ಭಯ ಯಾರೋ ಬಾಚಿಕೊಂಡು ಮುಚ್ಚಿಡುತ್ತಾರೆ ಎಂಬುದಾದರೆ ಅದಕ್ಕೆ ಎಸ್‌ಎ ಷರತ್ತೇ ಮದ್ದು.

ಎನ್‌ಡಿ, ಅಂದರೆ ಬದಲಿಸುವಂತಿಲ್ಲ ಎಂಬ ಷರತ್ತು ಸಮುದಾಯದ ದಾಖಲೆಗೆ ಸಲ್ಲದು. ತಿದ್ದಿ ಹಂಚಲು ಆಗದು, ಅನುವಾದವನ್ನೂ ಹಂಚಲು ಆಗದು. ಇಂಗ್ಲಿಷಿನ ಯಾವುದಾದರೂ ಕೈಪಿಡಿಯನ್ನು ಕನ್ನಡಕ್ಕೆ ತರಲು ಹೊರಟಿದ್ದರೆ ಮೊದಲು ಈ ಎರಡಕ್ಷರ ಇದೆಯೇ ನೋಡಿಕೊಳ್ಳಿ. ಇದ್ದರೆ ಬರೆದವರ ಪ್ರತ್ಯೇಕ ಅನುಮತಿ ಬೇಕು. ಮೂಲ ಬಿವೈ-ಎಸ್‌ಎ ಆಗಿದ್ದರೆ ನಿಮ್ಮ ಅನುವಾದವೂ ಬಿವೈ-ಎಸ್‌ಎ ಆಗಲೇಬೇಕು, ಆಯ್ಕೆ ನಿಮ್ಮ ಕೈಯಲ್ಲಿಲ್ಲ.

ಜಿಪಿಎಲ್ ರೂಪಿಸಿದ ಗ್ನೂ ಯೋಜನೆಯ ಹಳೆಯ ಕೈಪಿಡಿಗಳಲ್ಲಿ ಜಿಎಫ್‌ಡಿಎಲ್ ಎಂಬ ಲೈಸೆನ್ಸ್ ಕಾಣುತ್ತೀರಿ. ಹೊಸ ಕೆಲಸಕ್ಕೆ ಅದು ಬೇಡ.

ಇನ್ನು ಕೈಪಿಡಿಯೊಳಗಿನ ಕೋಡ್ ತುಣುಕುಗಳು. ಬರಹವೆಲ್ಲ ಬಿವೈ-ಎಸ್‌ಎ ಎಂದರೆ, ಅದರೊಳಗಿನ ಹತ್ತು ಸಾಲಿನ ಉದಾಹರಣೆಯನ್ನು ತನ್ನ ಪ್ರೋಗ್ರಾಮ್‌ಗೆ ಹಾಕಿಕೊಂಡ ಓದುಗನಿಗೂ ಆ ಷರತ್ತು ಅಂಟುತ್ತದೆಯೇ ಎಂಬ ತಲೆನೋವು ಶುರು. ಮೊಜಿಲ್ಲಾದ ಜಾಲತಂತ್ರಜ್ಞಾನದ ಕೈಪಿಡಿ ತಾಣ ಎಂಡಿಎನ್ ಇದನ್ನು ಚೆನ್ನಾಗಿ ಬಿಡಿಸಿಕೊಂಡಿದೆ: ಬರಹಕ್ಕೆ ಬಿವೈ-ಎಸ್‌ಎ, 2010ರ ಆಗಸ್ಟ್ 20ರಿಂದ ಸೇರಿಸಿದ ಕೋಡ್ ಉದಾಹರಣೆಗಳಿಗೆ ಸಿಸಿ ಝೀರೊ, ಅಂದರೆ ಯಾವ ಷರತ್ತೂ ಇಲ್ಲದೆ ಬಿಟ್ಟುಕೊಡುವುದು. ನೀವೂ ಹೀಗೇ ಮಾಡಿ.

ಹಂತ 5: ದತ್ತಾಂಶ, ಫಾಂಟ್, ಲಾಂಛನ

ಪದಪಟ್ಟಿ, ನಿಘಂಟು, ಭೂಪಟದ ಮಾಹಿತಿ ಇಂಥವಕ್ಕೆ ಎರಡು ದಾರಿ. ಸಿಸಿ ಝೀರೊ ಎಂದರೆ ಎಲ್ಲ ಹಕ್ಕನ್ನೂ ಬಿಟ್ಟುಕೊಡುವುದು. ವಿಕಿಡೇಟಾ, ಕಾಮನ್ ವಾಯ್ಸ್‌ನ ಧ್ವನಿ ಸಂಗ್ರಹ ಈ ದಾರಿಯವು. ಒಡಿಬಿಎಲ್ ಎಂದರೆ ದತ್ತಸಂಚಯಕ್ಕೆಂದೇ ರೂಪಿಸಿದ ಕಾಪಿಲೆಫ್ಟ್. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಲ್ಲಿ ಇದಕ್ಕೆ ಬದಲಾಯಿತು. ನಮ್ಮಲ್ಲೇ ಇರುವ ಉದಾಹರಣೆ ‘ಅಲರ್’: ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶ ಒಡಿಬಿಎಲ್ ಅಡಿಯಲ್ಲೇ ಸಿಗುತ್ತದೆ. ಅದನ್ನು ಬಳಸಿ ನೀವು ಆ್ಯಪ್ ಮಾಡಬಹುದು, ಆ್ಯಪ್‌ನ ಕೋಡ್ ಯಾವ ಲೈಸೆನ್ಸ್‌ನಲ್ಲಾದರೂ ಇರಲಿ. ಆದರೆ ಆ ಪದಸಂಗ್ರಹವನ್ನೇ ಹಿಗ್ಗಿಸಿ ಸಾರ್ವಜನಿಕರಿಗೆ ಒದಗಿಸಿದರೆ ಹಿಗ್ಗಿಸಿದ ಸಂಗ್ರಹವನ್ನು ಒಡಿಬಿಎಲ್‌ನಲ್ಲೇ ಕೊಡಬೇಕು. ಅದನ್ನು ನಿಮ್ಮ ಸಿಸಿ ಝೀರೊ ಪಟ್ಟಿಯೊಳಗೆ ಬೆರೆಸುವಂತಿಲ್ಲ.

“ಇದು ಪಬ್ಲಿಕ್ ಡೊಮೇನ್” ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಹಕ್ಕು ತ್ಯಜಿಸುವುದಕ್ಕೆ ನಮ್ಮ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಅದರದೇ ವಿಧಾನವಿದೆ. ತ್ಯಾಗ ಸಿಂಧುವಾಗದಿದ್ದರೂ ಅದೇ ಫಲ ಕೊಡುವ ಲೈಸೆನ್ಸ್ ಒಂದನ್ನು ಸಿಸಿ ಝೀರೊ ತನ್ನೊಳಗೇ ಇಟ್ಟುಕೊಂಡಿದೆ.

ಫಾಂಟ್‌ಗಳಿಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಅದರಲ್ಲೇ ಇವೆ. ತಂತ್ರಾಂಶದ ಜೊತೆ ಸೇರಿಸಿ ಹಂಚಬಹುದು, ಮಾರಲೂಬಹುದು. ಫಾಂಟನ್ನೊಂದನ್ನೇ ಮಾರುವಂತಿಲ್ಲ. ಮೂಲದವರು ಹೆಸರನ್ನು ಕಾಯ್ದಿರಿಸಿದ್ದರೆ, ತಿದ್ದಿದ ಫಾಂಟಿಗೆ ಬೇರೆ ಹೆಸರಿಡಬೇಕು. ಈ ಫಾಂಟ್ ಬಳಸಿ ಅಚ್ಚುಮಾಡಿದ ಪುಸ್ತಕಕ್ಕೆ ಯಾವ ಷರತ್ತೂ ಇಲ್ಲ.

ಬಳಗದ ಹೆಸರು, ಲಾಂಛನ ಟ್ರೇಡ್‌ಮಾರ್ಕ್‌ನ ವಿಷಯ. ಅವನ್ನು ಲೈಸೆನ್ಸ್‌ನಿಂದ ಹೊರಗಿಡಿ.

ಹಂತ 6: ಬೆರಕೆಯ ದಿಕ್ಕು ನೋಡಿ

ಲೈಸೆನ್ಸ್‌ಗಳ ನಡುವೆ ಹರಿವು ಒಂದೇ ದಿಕ್ಕಿನದು. ಎಂಐಟಿ, ಅಪಾಚೆ 2.0 ಕೋಡ್ ಜಿಪಿಎಲ್ 3 ಯೋಜನೆಯೊಳಗೆ ಹೋಗಬಹುದು. ಜಿಪಿಎಲ್ ಕೋಡ್ ಎಂಐಟಿ ಯೋಜನೆಯೊಳಗೆ ಬಂದರೆ ಒಟ್ಟು ತಂತ್ರಾಂಶ ಜಿಪಿಎಲ್ ಆಗಬೇಕಾಗುತ್ತದೆ. “ಜಿಪಿಎಲ್ 2 ಮಾತ್ರ” ಎಂದಿರುವುದರ ಜೊತೆ ಅಪಾಚೆ 2.0 ಸೇರುವುದಿಲ್ಲ. ಬಿವೈ-ಎಸ್‌ಎ 4.0 ಬರಹವನ್ನು ಜಿಪಿಎಲ್ 3ರೊಳಗೆ ಒಯ್ಯಬಹುದು ಎಂದು 2015ರಲ್ಲಿ ಕ್ರಿಯೇಟಿವ್ ಕಾಮನ್ಸ್ ಘೋಷಿಸಿತು. ಮರಳಿ ತರಲಾಗದು. ಹಂತ 1ರ ಪಟ್ಟಿಯಲ್ಲಿ ಹೊರಗಿನಿಂದ ಬಂದ ಪ್ರತಿಯೊಂದನ್ನೂ ಇದರೊಂದಿಗೆ ತಾಳೆ ನೋಡಿ.

ಹಂತ 7: ರೆಪೊದಲ್ಲಿ ಬರೆದಿಡುವುದು

ಲೈಸೆನ್ಸ್‌ನ ಪೂರ್ಣ ಇಂಗ್ಲಿಷ್ ಪಠ್ಯವನ್ನು, ಒಂದಕ್ಷರ ಬದಲಿಸದೆ, ರೆಪೊದ ಮೊದಲ ಮಟ್ಟದಲ್ಲೇ ‘ಲೈಸೆನ್ಸ್’ ಎಂಬ ಇಂಗ್ಲಿಷ್ ಹೆಸರಿನ ಫೈಲಿನಲ್ಲಿಡಿ. ಎಂಐಟಿಯಲ್ಲಿ ವರ್ಷ, ಹೆಸರು ತುಂಬುವ ಚೌಕಾವರಣ ಇರುತ್ತದೆ. ಅದನ್ನು ತುಂಬದೇ ಬಿಟ್ಟ ರೆಪೊಗಳು ಲೆಕ್ಕವಿಲ್ಲದಷ್ಟು. ಕನ್ನಡದಲ್ಲಿ ಸಾರಾಂಶ ಕೊಡಬೇಕೆನಿಸಿದರೆ ಖಂಡಿತ ಕೊಡಿ, ಆದರೆ ಬೇರೆ ಫೈಲಿನಲ್ಲಿ, “ಇದು ಅರ್ಥವಾಗಲೆಂದು ಮಾತ್ರ, ಕಾನೂನಿಗೆ ಮೂಲವೇ ಪ್ರಮಾಣ” ಎಂಬ ಸಾಲಿನೊಂದಿಗೆ. ಗ್ನೂ ಲೈಸೆನ್ಸ್‌ಗಳಿಗೆ ಇಂಗ್ಲಿಷ್ ಪಠ್ಯವೊಂದೇ ಅಧಿಕೃತ.

ಆಮೇಲೆ ರೀಡ್‌ಮಿ ಫೈಲಿನಲ್ಲಿ ಹೀಗೊಂದು ಪ್ಯಾರಾ ಇರಲಿ:

“ಈ ರೆಪೊದ ಕೋಡ್ ಅಪಾಚೆ ಲೈಸೆನ್ಸ್ 2.0 ಅಡಿಯಲ್ಲಿದೆ. ‘ಕೈಪಿಡಿ’ ಫೋಲ್ಡರ್‌ನ ಬರಹ ಮತ್ತು ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಅಡಿಯಲ್ಲಿವೆ, ಅದರೊಳಗಿನ ಕೋಡ್ ತುಣುಕುಗಳು ಸಿಸಿ ಝೀರೊ. ‘ಪದಪಟ್ಟಿ’ ಫೋಲ್ಡರ್‌ನ ದತ್ತಾಂಶ ಒಡಿಬಿಎಲ್ 1.0. ‘ಫಾಂಟ್’ ಫೋಲ್ಡರ್‌ನಲ್ಲಿರುವ ನೋಟೋ ಸ್ಯಾನ್ಸ್ ಕನ್ನಡ ನಮ್ಮದಲ್ಲ, ಅದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 ಅಡಿಯಲ್ಲಿದೆ. ಬಳಗದ ಹೆಸರು ಮತ್ತು ಲಾಂಛನಕ್ಕೆ ಈ ಯಾವ ಲೈಸೆನ್ಸೂ ಅನ್ವಯಿಸುವುದಿಲ್ಲ.”

ಒಂದೊಂದು ಫೋಲ್ಡರ್‌ನಲ್ಲೂ ಅದರದರ ಲೈಸೆನ್ಸ್ ಪಠ್ಯ ಇಡಿ, ಫೋಲ್ಡರನ್ನು ಪ್ರತ್ಯೇಕವಾಗಿ ಇಳಿಸಿಕೊಂಡವರಿಗೂ ಸಿಗಲಿ. ಕೋಡ್ ಫೈಲುಗಳ ನೆತ್ತಿಯಲ್ಲಿ ಎಸ್‌ಪಿಡಿಎಕ್ಸ್ ಸಾಲು ಹಾಕಿ. ಪ್ರತಿ ಲೈಸೆನ್ಸ್‌ಗೂ ನಿಗದಿಯಾದ ಚಿಕ್ಕ ಗುರುತು ಅದು, 2021ರಿಂದ ಐಎಸ್‌ಒ ಮಾನದಂಡವೂ ಹೌದು. ಕಂಪನಿಗಳ ತಪಾಸಣೆ ತಂತ್ರಾಂಶಗಳು ಹುಡುಕುವುದು ಆ ಸಾಲನ್ನೇ.

ಬೇರೆಯವರ ಚಿತ್ರ, ಬರಹ ಬಳಸಿದಲ್ಲಿ ನಾಲ್ಕು ಸಂಗತಿ ಬರೆಯಿರಿ: ಶೀರ್ಷಿಕೆ, ಮಾಡಿದವರು, ಸಿಕ್ಕ ಕೊಂಡಿ, ಲೈಸೆನ್ಸ್. ಬದಲಿಸಿದ್ದರೆ ಬದಲಿಸಿದ್ದೇವೆ ಎಂದೂ ಹೇಳಿ. “ಕೃಪೆ: ಅಂತರ್ಜಾಲ” ಎಂಬುದು ಯಾರಿಗೂ ಸಲ್ಲುವ ಕೃಪೆಯಲ್ಲ.

ಹಂತ 8: ಬರುವ ಕೊಡುಗೆಗಳು

ಲೈಸೆನ್ಸ್ ಇರುವ ರೆಪೊಗೆ ಸೇರಿಸಿದ್ದೆಲ್ಲ ಅದೇ ಲೈಸೆನ್ಸ್‌ನಲ್ಲಿ ಬರುತ್ತದೆ ಎಂದು ಗಿಟ್‌ಹಬ್‌ನ ಷರತ್ತಿನಲ್ಲಿದೆ. ಆದರೂ ಕೊಡುಗೆ ಸೂಚನೆಗಳ ಫೈಲಿನಲ್ಲಿ ನೀವೂ ಬರೆಯಿರಿ. ಇಮೇಲ್, ಟೆಲಿಗ್ರಾಂ ಮೂಲಕ ಬರುವುದಕ್ಕೆ ಗಿಟ್‌ಹಬ್‌ನ ಷರತ್ತು ಅನ್ವಯಿಸುವುದಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ಡಿಸಿಒ ಬಳಸಿ: “ಇದನ್ನು ಕೊಡುವ ಹಕ್ಕು ನನಗಿದೆ” ಎಂದು ಪ್ರತಿ ಕಮಿಟ್‌ನಲ್ಲೂ ಹೆಸರು, ಇಮೇಲ್ ಸಮೇತ ಒಂದು ಸಾಲಿನ ಸಹಿ. ಲಿನಕ್ಸ್ ಕರ್ನೆಲ್ 2004ರಲ್ಲಿ ಶುರುಮಾಡಿದ ಪದ್ಧತಿ. ಗಿಟ್‌ನ ಸೈನ್‌ಆಫ್ ಆಯ್ಕೆ ಅದನ್ನು ತಾನೇ ಸೇರಿಸುತ್ತದೆ. ಹಕ್ಕನ್ನೇ ಬರೆಸಿಕೊಳ್ಳುವ ಉದ್ದುದ್ದ ಒಪ್ಪಂದಗಳು ಸಣ್ಣ ಬಳಗಕ್ಕೆ ಬೇಡ, ಬರುವವರು ಹೆದರಿ ಹಿಂದೆ ಸರಿಯುತ್ತಾರೆ.

ಹಂತ 9: ಈಗಾಗಲೇ ಹಳೆಯದಾಗಿರುವ ರೆಪೊ

ಲೈಸೆನ್ಸ್ ಇಲ್ಲದೆ ಬೆಳೆದಿದ್ದರೆ ಅಥವಾ ಇರುವುದನ್ನು ಬದಲಿಸಬೇಕಿದ್ದರೆ ಪ್ರತಿ ಹಕ್ಕುದಾರರ ಒಪ್ಪಿಗೆ ಬೇಕು. ವಿಎಲ್‌ಸಿ ಪ್ಲೇಯರ್‌ನ ಬಹುಭಾಗವನ್ನು 2012ರಲ್ಲಿ ಜಿಪಿಎಲ್‌ನಿಂದ ಅದರ ಸಡಿಲ ರೂಪವಾದ ಎಲ್‌ಜಿಪಿಎಲ್‌ಗೆ ತರಲು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೇಳಬೇಕಾಯಿತು. ನಿಮ್ಮಲ್ಲಿ ಹತ್ತು ಜನ ಇರಬಹುದು. ಇಂದೇ ಶುರುಮಾಡಿ.

ರೆಪೊದಲ್ಲಿ ಒಂದು ಇಶ್ಯೂ (ಚರ್ಚೆಯ ಪುಟ) ತೆರೆದು ಎಲ್ಲರನ್ನೂ ಹೆಸರು ಹಿಡಿದು ಕರೆಯಿರಿ. ಅವರು ನಕಲು ಮಾಡಿ ಉತ್ತರಿಸಲು ಈ ವಾಕ್ಯ ಕೊಡಿ: “ಈ ರೆಪೊಗೆ ಈವರೆಗೆ ನಾನು ಕೊಟ್ಟಿರುವ ಕೋಡನ್ನು ಅಪಾಚೆ ಲೈಸೆನ್ಸ್ 2.0 ಅಡಿಯಲ್ಲೂ, ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಅಡಿಯಲ್ಲೂ ಕೊಡಲು ಒಪ್ಪಿದ್ದೇನೆ.” ಉತ್ತರಗಳನ್ನು ಅಳಿಸದೆ ಉಳಿಸಿಕೊಳ್ಳಿ. ಫೋನಿನಲ್ಲಿ “ಹೂಂ, ಮಾಡಿ” ಅಂದರೆ ಸಾಲದು, ಬರಹದಲ್ಲಿ ಬೇಕು. ಗಡುವಿನೊಳಗೆ ಉತ್ತರ ಬರಲಿಲ್ಲ ಎಂಬುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಯಾರಾದರೂ ತೀರಿಕೊಂಡಿದ್ದರೆ ಹಕ್ಕು ಅವರ ವಾರಸುದಾರರದ್ದು, ಮನೆಯವರನ್ನು ಕೇಳಬೇಕು.

ಸಿಗದವರ ಪಾಲಿನ ಸಾಲುಗಳನ್ನು ಗಿಟ್‌ನ ಬ್ಲೇಮ್ ಆದೇಶದಿಂದ ಗುರುತಿಸಿ ತೆಗೆಯಿರಿ. ಆ ಭಾಗ ಏನು ಮಾಡಬೇಕೆಂದಷ್ಟೇ ಹೇಳಿ, ಹಳೆಯ ಸಾಲುಗಳನ್ನು ನೋಡದ ಇನ್ನೊಬ್ಬರಿಂದ ಹೊಸದಾಗಿ ಬರೆಸಿ. ಅದಾದ ಮೇಲೆ ಹೊಸ ಲೈಸೆನ್ಸ್ ಫೈಲ್ ಸೇರಿಸಿ ಹೊಸ ಆವೃತ್ತಿ ಬಿಡುಗಡೆ ಮಾಡಿ, ಬದಲಾವಣೆ ಯಾವ ಆವೃತ್ತಿಯಿಂದ ಎಂಬುದನ್ನು ರೀಡ್‌ಮಿಯಲ್ಲಿ ನಮೂದಿಸಿ. ಹಿಂದೆ ಮುಕ್ತ ಲೈಸೆನ್ಸ್‌ನಲ್ಲಿ ಬಿಡುಗಡೆಯಾದ ಆವೃತ್ತಿಗಳು ಆ ಹಳೆಯ ಲೈಸೆನ್ಸ್‌ನಲ್ಲೇ ಉಳಿಯುತ್ತವೆ.